ನೀರಿದ್ದಷ್ಟು ಬೆಳೆ



ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಆದರೆ ಅಪ್ಪ-ಅಮ್ಮನ ಊರು ವಿಜಯಪುರ, ಬಾಗಲಕೋಟೆ, ಕಲಬುರ್ಗಿ ಕಡೆಯದಾದರೆ ಅಲ್ಲಿ ನಾಲ್ಕಾರು ಎಕರೆ ಎರೆಭೂಮಿ ಇನ್ನೂ ಇರಬಹುದು. ಇಲ್ಲಿಯ ಸಾತ್‌ಬಾರಾದಂತೆ ಅಲ್ಲಿ ಉತಾರ. ಒಂದು ದಿನ ಅದರಲ್ಲಿ ನಿಮ್ಮ ಹೆಸರೂ ಸೇರುತ್ತದೆ, ಹೆಣ್ಣುಮಕ್ಕಳದೂ ಸೇರುತ್ತದೆ. ಆಗ ಊರಿನಿಂದ ಫೋನು ಬರುತ್ತದೆ: "ಬೋರ್ ಹಾಕಿಸೋಣವೇ? ಕಬ್ಬು ಹಚ್ಚೋಣವೇ?" ಏನು ಹೇಳುತ್ತೀರಿ?

ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ, ಕೃಷಿಶಾಸ್ತ್ರವಲ್ಲ. ಆದರೂ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳಾಗಿ ಕಂಡದ್ದನ್ನು, ಕೇಳಿದ್ದನ್ನು ಹೇಳುತ್ತೇನೆ.

ಚಳಿಗಾಲದಲ್ಲಿ ಗೆಳೆಯರೊಡನೆ ಹುರ್ಡಾ ತಿನ್ನಲು ಹೋಗುತ್ತೀರಲ್ಲ, ಅದು ನಮ್ಮ ಕಡೆಯ ಸೀತನಿಯೇ. ಸೊಲ್ಲಾಪುರದಿಂದ ವಿಜಯಪುರದವರೆಗೆ ಹಬ್ಬಿದ ಲಕ್ಷಾಂತರ ಎಕರೆಯ ಹಿಂಗಾರಿ ಜೋಳದ ಎಳೆಯ ತೆನೆ. ಇದು ಮಳೆ ನಿಂತ ಮೇಲೆ ಬೆಳೆಯುವ ಬೆಳೆ. ಮಳೆಗಾಲದಲ್ಲಿ ಹೊಲವನ್ನು ಬಿತ್ತದೆ, ಹರಗಿ, ನೆಲಕ್ಕೆ ನೀರು ಕುಡಿಸುತ್ತಾರೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೂರಿಗೆ ಹೂಡುತ್ತಾರೆ. ಆಮೇಲೆ ಬೆಳೆಗೆ ಕರಿಮಣ್ಣಿನಲ್ಲಿ ಉಳಿದ ತೇವವೇ ಆಧಾರ. ಮೇಲಿಂದ ಮೇಲೆ ಎಡೆ ಹೊಡೆದರೆ ಬಿರುಕು ಮುಚ್ಚಿ ತೇವ ಉಳಿಯುತ್ತದೆ.

ಈ ಒಣಬೇಸಾಯದ ಅಧ್ಯಯನಕ್ಕೆಂದೇ 1933ರಲ್ಲಿ ಸೊಲ್ಲಾಪುರ ಮತ್ತು ಬಿಜಾಪುರಗಳಲ್ಲಿ ಸಂಶೋಧನಾ ಕೇಂದ್ರಗಳು ಆರಂಭವಾದವು. ಬಳ್ಳಾರಿ ಬಳಿಯ ಹಗರಿ ಮತ್ತು ರಾಯಚೂರಿನಲ್ಲಿಯೂ ಬಂದವು. ಒಡ್ಡು ಹಾಕಿ ಮಳೆನೀರು ತಡೆಯಿರಿ, ತಿಪ್ಪೆಗೊಬ್ಬರ ಕೊಡಿ, ಬೀಜ ಕಡಿಮೆ ಹಾಕಿ ಸಾಲಿನ ಅಂತರ ಹೆಚ್ಚಿಸಿ ಎಂಬುದು ಅಲ್ಲಿಯ ಪಾಠ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ಮಾಲದಂಡಿ 35-1 ತಳಿಯನ್ನು ರೈತರು ಇಂದಿಗೂ ಬಿತ್ತುತ್ತಾರೆ.

ಇನ್ನು ಕಬ್ಬಿನ ಲೆಕ್ಕ ನೋಡಿ. ಸೊಲ್ಲಾಪುರದಲ್ಲಿ ವರ್ಷದ ಮಳೆ ಸುಮಾರು 550 ಮಿಲಿಮೀಟರ್. ಕಬ್ಬಿಗೆ ಬೇಕಾದದ್ದು 1500ರಿಂದ 2500. ಉಳಿದದ್ದು ಕಾಲುವೆಯಿಂದ ಬರಬೇಕು, ಇಲ್ಲವೇ ಪಾತಾಳದಿಂದ. ಅದೂ ಮುಗಿದರೆ? 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ಕುಡಿಯುವ ನೀರನ್ನು ರೈಲಿನಲ್ಲಿ ಸಾಗಿಸಬೇಕಾಯಿತು. ಲಾತೂರು ಕೂಡ ಕಬ್ಬು ಬೆಳೆಯುವ ಜಿಲ್ಲೆಯೇ.

ಬೇರೆ ದಾರಿ ಇಲ್ಲವೇ? ದಿವೆ ಘಾಟ್ ಹತ್ತಿ ಸಾಸವಡದ ಕಡೆ ಹೋದರೆ ಪುರಂದರ ತಾಲ್ಲೂಕು, ಮಳೆ ಕಡಿಮೆಯ ಸೀಮೆ. 1972ರ ಭೀಕರ ಬರದಲ್ಲಿ ಅಲ್ಲಿಯ ಜನರ ಪಾಡು ಕಂಡವರು ಪುಣೆಯ ಎಂಜಿನಿಯರ್, ಉದ್ಯಮಿ ವಿಲಾಸರಾವ್ ಸಾಳುಂಖೆ. 1974ರಲ್ಲಿ ಅವರು ನಾಯಗಾಂವದಲ್ಲಿ ದೇವಸ್ಥಾನದ 40 ಎಕರೆ ಬರಡು ಜಮೀನನ್ನು ಗುತ್ತಿಗೆಗೆ ಪಡೆದು, ಒಡ್ಡು ಹಾಕಿಸಿ, ಇಂಗುಕೆರೆ ಕಟ್ಟಿಸಿ, ಅದರ ಕೆಳಗೆ ಬಾವಿ ತೋಡಿಸಿದರು. ಹಸಿರಾದ ಆ ಹೊಲದಿಂದಲೇ ಪಾಣಿ ಪಂಚಾಯತ್ ಹುಟ್ಟಿತು.

ಅದರ ನಿಯಮಗಳನ್ನು ಕೇಳಿ. ನೀರಿನ ಹಕ್ಕು ಜಮೀನಿಗಲ್ಲ, ಮನುಷ್ಯರಿಗೆ. ತಲೆಗೆ ಅರ್ಧ ಎಕರೆಯಷ್ಟು ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಯಷ್ಟು. ಭೂಮಿಯಿಲ್ಲದವರಿಗೂ ಪಾಲು. ಹೊಲ ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುವುದಿಲ್ಲ. ಕಬ್ಬು ಹಚ್ಚುವಂತಿಲ್ಲ. ಖರ್ಚಿನ ಐದನೇ ಒಂದು ಪಾಲು ರೈತರೇ ಹಾಕಬೇಕು. ನೂರು ಎಕರೆಯ ಒಬ್ಬನೇ ಒಡೆಯನಿದ್ದರೆ ಮಾತ್ರ ದೊಡ್ಡ ಬೇಸಾಯವೆಂದು ತಿಳಿಯಬೇಡಿ. ಸಣ್ಣ ಹೊಲದವರು ಒಂದೇ ಲೆಕ್ಕಕ್ಕೆ ಒಪ್ಪಿದರೆ ಅದೂ ದೊಡ್ಡದೇ. ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಾಜಾರದಲ್ಲಿಯೂ ಹೀಗೆಯೇ. ಮಳೆಗಾಲ ಮುಗಿದ ಮೇಲೆ ನೀರನ್ನು ಅಳೆದು, ಯಾವ ಬೆಳೆ ಎಂದು ಗ್ರಾಮಸಭೆಯಲ್ಲಿ ನಿರ್ಧರಿಸುತ್ತಾರೆ. ಬೇಸಾಯಕ್ಕೆ ಬೋರ್ ಕೊರೆಯುವಂತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದೇ.

ಹಾಗೆಂದು ಕಬ್ಬು ಹಚ್ಚಿದ ರೈತನನ್ನು ಆಸೆಬುರುಕನೆನ್ನಬೇಡಿ. ಕಬ್ಬಿಗೆ ನಿಗದಿಯಾದ ದರವಿದೆ, ಕೊಳ್ಳಲು ಕಾರ್ಖಾನೆಯಿದೆ. ಜೋಳಕ್ಕೆ ಹಕ್ಕಿ ಕಾಯಬೇಕು, ಕೊಯ್ಲಿಗೆ ಆಳು ಹುಡುಕಬೇಕು, ಆಮೇಲೆ ಗಿರಾಕಿಯನ್ನೂ ಹುಡುಕಬೇಕು. ಇಂಡಿ ತಾಲ್ಲೂಕಿನ ನನ್ನ ತವರಿನಲ್ಲಿ ಎರಡು ಬೋರು ಬತ್ತಿವೆ. ಅಣ್ಣನ ಮಗ ಮೂರನೆಯದಕ್ಕೆ ಸಾಲದ ಮಾತಾಡುತ್ತಿದ್ದಾನೆ. "ಅತ್ತೀ, ಜೋಳದಾಗ ಮಕ್ಕಳ ಫೀಸು ಹೊಂಡೂದಿಲ್ಲ" ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ನಾನು ಹೇಳಿದ್ದಿಷ್ಟೆ: ಸಾಲ ಮಾಡಿ ಮತ್ತೊಂದು ತೂತು ಕೊರೆಯುವ ಬದಲು ಕೃಷಿಹೊಂಡ ತೆಗೆಸು, ಜೋಳದ ಜೊತೆ ಕಡಲೆ, ಕುಸುಬೆ ಹಾಕು. 2014ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಹಾಯಧನವಿಟ್ಟಿದ್ದರು. ಈಗ ಏನು ಸಿಗುತ್ತದೆಂದು ಕೃಷಿ ಇಲಾಖೆಯಲ್ಲಿ ವಿಚಾರಿಸು. ಅವನಿನ್ನೂ ಒಪ್ಪಿಲ್ಲ.

ನಿಮಗೆ ಆ ಫೋನು ಬಂದಾಗ "ನಿಮಗೆ ತಿಳಿದಂತೆ ಮಾಡಿ" ಎಂದು ಇಟ್ಟುಬಿಡಬೇಡಿ. ಈ ಸಲ ಮಳೆ ಎಷ್ಟಾಯಿತು, ನೆರೆಯವರ ಬಾವಿಯಲ್ಲಿ ನೀರೆಷ್ಟಿದೆ, ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿ. ಕೊಳ್ಳುವವರು ನಾವೂ ಆಗಬಹುದು. ಸಂಘದ ನಾಲ್ಕಾರು ಮನೆಯವರು ಸೇರಿ ಊರಿನಿಂದ ವರ್ಷದ ಜೋಳ ತರಿಸಿದರೆ ಒಬ್ಬ ರೈತನಿಗಾದರೂ ಗಿರಾಕಿ ಸಿಕ್ಕಂತಾಗುತ್ತದೆ. ರೊಟ್ಟಿ ಬಡಿಯಲು ಬರುವುದಿಲ್ಲವೇ? ನಮ್ಮ ಮನೆಗೆ ಬನ್ನಿ, ಕಲಿಸುತ್ತೇನೆ. ಗಂಡುಮಕ್ಕಳೂ ಬನ್ನಿ.