ವಿಯೋಜಿತ ಮನಸ್ಸು ಮತ್ತು ನಟನೆಯೆಂಬ ಆರೋಪ

ಪ್ರಶ್ನಪತ್ರಿಕೆ ಕೈಗೆ ಬಂದ ಕೆಲವೇ ನಿಮಿಷಗಳಲ್ಲಿ ವಿದ್ಯಾರ್ಥಿಯೊಬ್ಬನು ಕುಸಿದುಬಿದ್ದು ಕೈಕಾಲು ಬಡಿಯತೊಡಗುವುದು ನಮ್ಮ ಕಾಲೇಜುಗಳಿಗೆ ಅಪರಿಚಿತವಾದ ನೋಟವಲ್ಲ. ಒಬ್ಬರು ಬೀಗದ ಕೈಯನ್ನು ಮುಷ್ಟಿಯಲ್ಲಿಡುತ್ತಾರೆ, ಇನ್ನೊಬ್ಬರು ಈರುಳ್ಳಿಯನ್ನು ಮೂಗಿಗೆ ಹಿಡಿಯುತ್ತಾರೆ. ಆಸ್ಪತ್ರೆಯಲ್ಲಿ ಇ.ಇ.ಜಿ. ತೆಗೆದು, ಅಪಸ್ಮಾರದ ಗುರುತಿಲ್ಲವೆಂದು ವೈದ್ಯರು ತಿಳಿಸಿದೊಡನೆಯೇ “ಎಲ್ಲವೂ ನಟನೆ, ಓದಿರಲಿಲ್ಲವಷ್ಟೆ” ಎಂಬ ತೀರ್ಪು ಹೊರಬೀಳುತ್ತದೆ. ಈ ತೀರ್ಪು ನಿರ್ದಯವಾದುದು. ವಿಜ್ಞಾನದ ದೃಷ್ಟಿಯಿಂದ ನೋಡಿದರೂ ನಿರಾಧಾರವಾದುದೆಂದು ನಮ್ಮ ಅಭಿಪ್ರಾಯ.

ಉಪ್ಪು ನೀರಿನಲ್ಲಿ ಕರಗಿದಾಗ ಅದರ ಅಯಾನುಗಳು ಬೇರ್ಪಡುವುದನ್ನು ವಿಯೋಜನೆ ಎನ್ನುತ್ತೇವೆ. ಮನಶ್ಶಾಸ್ತ್ರದವರೂ ಡಿಸೋಸಿಯೇಷನ್ ಎಂಬ ಅದೇ ಹೆಸರನ್ನು ಬಳಸುತ್ತಾರೆ. ನೆನಪು, ಸಂವೇದನೆ, ‘ನಾನು’ ಎಂಬ ಅರಿವು, ಅಂಗಗಳ ಮೇಲಣ ಹತೋಟಿ ಇವು ಸಾಮಾನ್ಯವಾಗಿ ಒಂದಾಗಿ ಹೆಣೆದುಕೊಂಡಿರುತ್ತವೆ. ತೀವ್ರವಾದ ಭಯ ಅಥವಾ ಆಘಾತದ ಒತ್ತಡದಲ್ಲಿ ಈ ಹೆಣಿಗೆ ಸಡಿಲವಾಗಬಹುದು. ಫ್ರಾನ್ಸಿನ ಪಿಯರ್ ಜಾನೆ 1889ರಲ್ಲಿಯೇ ಇದನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಒಬ್ಬನಿಗೆ ಘಟನೆಯೊಂದರ ನೆನಪೇ ಅಳಿಸಿಹೋಗುತ್ತದೆ. ಮತ್ತೊಬ್ಬನಿಗೆ ಜಗತ್ತೆಲ್ಲ ಗಾಜಿನ ಆಚೆಗಿರುವಂತೆ ತೋರುತ್ತದೆ. ಇನ್ನೊಬ್ಬನ ದೇಹ ಅವನ ಇಚ್ಛೆಯನ್ನು ಮೀರಿ ಸೆಳೆತಕ್ಕೊಳಗಾಗುತ್ತದೆ. ಒಬ್ಬರಲ್ಲಿಯೇ ಹಲವು ವ್ಯಕ್ತಿತ್ವಗಳು ತೋರುವ ರೂಪವೂ ಉಂಟು. ಚಲನಚಿತ್ರಗಳಿಗೆ ಪ್ರಿಯವಾದುದು ಅದೊಂದೇ!

ಇನ್ನು ಯಂತ್ರದ ಮಾತು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದ ಈ ವಿಧಾನವು ನೆತ್ತಿಯ ಚರ್ಮದ ಮೇಲೆ ದೊರೆಯುವ ಕೆಲವು ಹತ್ತು ಮೈಕ್ರೊವೋಲ್ಟುಗಳಷ್ಟು ವಿಭವಾಂತರವನ್ನು ಅಳೆಯುತ್ತದೆ. ಅಸಂಖ್ಯಾತ ನರಕೋಶಗಳ ಚಟುವಟಿಕೆಯ ಒಟ್ಟು ಮೊತ್ತವದು. ಸೆಳೆತದ ವೇಳೆಯಲ್ಲಿಯೇ ತೆಗೆದ ಲೇಖದಲ್ಲಿ ಅಪಸ್ಮಾರದ ವಿಸರ್ಜನೆ ಕಾಣದಿದ್ದರೆ, ಆ ಸೆಳೆತ ಬಹುಶಃ ಅಪಸ್ಮಾರದ್ದಲ್ಲವೆಂದು ಹೇಳಬಹುದು. ರೋಗಿಯು ಬೇಕೆಂದೇ ಹಾಗೆ ಮಾಡಿದನೆಂದು ಅದು ಎಲ್ಲಿಯೂ ಹೇಳುವುದಿಲ್ಲ. ವೋಲ್ಟ್‌ಮಾಪಕದ ಮುಳ್ಳು ಸೊನ್ನೆಯಲ್ಲಿದೆಯಾದುದರಿಂದ ಕೊಠಡಿಯಲ್ಲಿ ಉಷ್ಣವಿಲ್ಲವೆಂದು ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುತ್ತೇವೆಯೆ? ಅಪಸ್ಮಾರವೂ ವಿಯೋಜನೆಯ ಸೆಳೆತವೂ ಒಬ್ಬರಲ್ಲಿಯೇ ಇರುವುದುಂಟು. ಆದುದರಿಂದ ನಿರ್ಣಯವನ್ನು ನರರೋಗತಜ್ಞರಿಗೇ ಬಿಡತಕ್ಕದ್ದು.

ದೇವರು ಮೈಮೇಲೆ ಬರುವುದೂ ಇದೇ ರೋಗವೆಂದು ಕೆಲವು ವಿಚಾರವಾದಿ ಮಿತ್ರರು ವಾದಿಸುವುದುಂಟು. ಸಮಾಜವು ಒಪ್ಪಿಕೊಂಡ ಆಚರಣೆಯ ಅಂಗವಾಗಿ ನಡೆಯುವ ಆವೇಶವನ್ನು ವೈದ್ಯಶಾಸ್ತ್ರವು ರೋಗವೆಂದು ಎಣಿಸುವುದಿಲ್ಲ. ಬಯಸದೆಯೇ ಬಂದು ಬದುಕನ್ನು ಕೆಡಿಸುವಂಥದು ಮಾತ್ರ ಚಿಕಿತ್ಸೆಗೆ ವಿಷಯ.

ಆ ಚಿಕಿತ್ಸೆಯಾದರೂ ಎಂತಹದು? ವಿಯೋಜನೆಯನ್ನೇ ನೇರವಾಗಿ ನಿವಾರಿಸುವ ಗುಳಿಗೆಯಿಲ್ಲ. ಅಪಸ್ಮಾರದ ಔಷಧಗಳು ಈ ಸೆಳೆತವನ್ನು ತಡೆಯಲಾರವು. ಮುಖ್ಯವಾದುದು ಮಾತಿನ ಚಿಕಿತ್ಸೆ. “ನಿನ್ನ ತೊಂದರೆ ನಿಜವಾದುದು, ಇದಕ್ಕೆ ಹೆಸರುಂಟು” ಎಂದು ತಿಳಿಸಿಹೇಳುವುದೇ ಅದರ ಮೊದಲ ಹೆಜ್ಜೆ. ಬಳಿಕ ಸೆಳೆತಕ್ಕೆ ಮುಂಚೆ ತೋರುವ ಎದೆಬಡಿತ, ಮಂಕು ಮುಂತಾದ ಸೂಚನೆಗಳನ್ನು ಗುರುತಿಸಲು ರೋಗಿಯು ಕಲಿಯುತ್ತಾನೆ. ಆ ಕ್ಷಣದಲ್ಲಿ ಪಾದಗಳನ್ನು ನೆಲಕ್ಕೆ ಒತ್ತಿ, ತಣ್ಣೀರನ್ನು ಮುಟ್ಟಿ, ಎದುರಿಗಿರುವ ಐದು ವಸ್ತುಗಳನ್ನು ಹೆಸರಿಸಿ, ಜಾರುತ್ತಿರುವ ಗಮನವನ್ನು ಪ್ರಸ್ತುತಕ್ಕೆ ಎಳೆದುತರುತ್ತಾನೆ. ಭಯದಿಂದ ದೂರವಿಟ್ಟಿದ್ದ ಸಂದರ್ಭಗಳನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುತ್ತಾನೆ. ಹಳೆಯ ಆಘಾತವನ್ನು ಕುರಿತ ಮಾತು ಬರುವುದು ಇಷ್ಟು ಬಲ ಬಂದ ಮೇಲೆಯೇ. ಸಂಮೋಹನದಿಂದ ಮರೆತ ನೆನಪುಗಳನ್ನು ಅಗೆದು ತೆಗೆಯುವೆವೆನ್ನುವವರ ವಿಷಯದಲ್ಲಿ ಎಚ್ಚರ ಅಗತ್ಯ. ಎಂದೂ ನಡೆಯದುದರ ‘ನೆನಪು’ ಹೀಗೆ ಹುಟ್ಟಿಕೊಳ್ಳಬಲ್ಲುದು.

ಇದರ ಫಲವನ್ನು ಉತ್ಪ್ರೇಕ್ಷಿಸುವುದು ಸಲ್ಲದು. ಬ್ರಿಟನ್ನಿನಲ್ಲಿ 368 ಮಂದಿ ವಯಸ್ಕರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷಣದಲ್ಲಿ, ಹನ್ನೆರಡು ತಿಂಗಳ ಅನಂತರ ಮಾಸಿಕ ಸೆಳೆತಗಳ ಸಂಖ್ಯೆಯಲ್ಲಿ ಈ ಚಿಕಿತ್ಸೆ ಪಡೆದವರಿಗೂ ಸಾಮಾನ್ಯ ಶುಶ್ರೂಷೆ ಪಡೆದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಚಿಕಿತ್ಸೆ ಪಡೆದವರಲ್ಲಿ ಸೆಳೆತದ ಬಾಧೆ ಮತ್ತು ಮನಸ್ಸಿನ ಕ್ಲೇಶ ತಗ್ಗಿದ್ದವು, ದಿನನಿತ್ಯದ ಜೀವನ ಸುಧಾರಿಸಿತ್ತು. ಕಾಲೇಜು ಬಿಡಬೇಕೆಂದಿರುವ ಯುವಕನಿಗೆ ಇದು ಸಣ್ಣ ಲಾಭವೆಂದು ನಾವು ಭಾವಿಸುವುದಿಲ್ಲ.

ನಮ್ಮ ಕಾಲೇಜುಗಳು ಮಾಡಬೇಕಾದುದು ಹೆಚ್ಚೇನಿಲ್ಲ. ಬಿದ್ದವನ ಸುತ್ತಣ ಗುಂಪನ್ನು ಚದುರಿಸಿ, ಬಳಿಯಿರುವ ಬೆಂಚುಗಳನ್ನು ಸರಿಸಿ, ಬಾಯಿಗೆ ಏನನ್ನೂ ತುರುಕದೆ ಒಬ್ಬರು ಪಕ್ಕದಲ್ಲಿರಬೇಕು. ಸೆಳೆತ ಮೊದಲ ಬಾರಿಯದಾದರೆ ಅಥವಾ ಐದು ನಿಮಿಷ ಮೀರಿದರೆ ಆಂಬುಲೆನ್ಸನ್ನು ಕರೆಯಬೇಕು. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಯನ್ನು ಸೂಚನಾಫಲಕದಲ್ಲಿ ಪರೀಕ್ಷಾ ವೇಳಾಪಟ್ಟಿಯ ಪಕ್ಕದಲ್ಲಿಯೇ ಅಂಟಿಸಬಹುದು.