ಒಂದೇ ಬೇಳೆಗೆ ಎರಡು ಬೆಲೆ

ಕಳೆದ ತಿಂಗಳು ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಸಂಜೆ ಅವಳು ಬರೆದುಕೊಟ್ಟ ಚೀಟಿ ಹಿಡಿದು ಸಮೀಪದ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೊರಟೆ. ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ನಿಂತಿದ್ದರು. ಅವರ ಬುಟ್ಟಿಯಲ್ಲಿ ಇದ್ದದ್ದು ಎರಡೇ ವಸ್ತು: ಒಂದು ಕಿಲೋ ತೊಗರಿಬೇಳೆ, ಒಂದು ಲೀಟರ್ ಎಣ್ಣೆ. ಕೈಯಲ್ಲಿ ಮಡಚಿದ ಮೂರು ನೂರರ ನೋಟು, ಒಂದು ಹತ್ತರ ನೋಟು.

ಯಂತ್ರ 351 ರೂಪಾಯಿ ತೋರಿಸಿತು. ಆಕೆ ಗಾಬರಿಯಾದರು.

"ಅಲ್ಲ ಯವ್ವಾ, ಬ್ಯಾಳಿ ಮುಂದ ನೂರಾ ಅರವತ್ತೆಂಟು ಅಂತ ಬರದೈತಲ್ಲ?"

ಮಾತು ಕೇಳಿದೊಡನೆ ನಮ್ಮ ಸೀಮೆಯವರೆಂದು ತಿಳಿಯಿತು. ಬಿಲ್ಲು ಹಾಕುವ ಹುಡುಗಿ ಒರಟಾಗಿಯೇನೂ ಮಾತನಾಡಲಿಲ್ಲ. "ಅದು ಮೆಂಬರ್‌ಗಳಿಗೆ ಅಮ್ಮಾ. ಮೊಬೈಲ್ ನಂಬರ್ ಹೇಳಿ, ಓಟಿಪಿ ಬರುತ್ತೆ" ಎಂದಳು. ಫೋನು ಮಗನ ಬಳಿಯಿತ್ತು, ಮಗ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಆಕೆ ಒಂದು ಕ್ಷಣ ಯೋಚಿಸಿ, ಬೇಳೆಯ ಪೊಟ್ಟಣವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು.

ನಾನು ಹಿಂದಿನಿಂದ ಹೋಗಿ ಚೀಟಿಗಳನ್ನು ನೋಡಿ ಬಂದೆ. ಬೇಳೆಗೆ 168 ಎಂದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ, ಕನ್ನಡಕ ಏರಿಸಿದರಷ್ಟೇ ಕಾಣುವಂತೆ, ಸದಸ್ಯರಲ್ಲದವರಿಗೆ 196. ಎಣ್ಣೆಗೆ ಹಾಗೆಯೇ 139 ಮತ್ತು 155. ಆಕೆ ದಪ್ಪ ಅಕ್ಷರವನ್ನು ನಂಬಿ 307 ಎಂದು ಲೆಕ್ಕ ಹಾಕಿ, ಮೂರು ರೂಪಾಯಿ ಉಳಿಯುತ್ತದೆಂದು ಬಂದಿದ್ದರು. ಲೆಕ್ಕ ಸರಿಯಾಗಿಯೇ ಇತ್ತು! ತಪ್ಪಿದ್ದು ಚೀಟಿಯಲ್ಲಿ.

ನಾನು ನನ್ನ ಮೊಬೈಲ್ ಸಂಖ್ಯೆ ಹೇಳಿದೆ. 44 ರೂಪಾಯಿ ಕರಗಿಹೋಯಿತು. ಬೇಳೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಆಕೆ, "ನಿನ್ನ ಹೊಟ್ಟಿ ತಣ್ಣಗಿರಲಿ ಯಪ್ಪಾ" ಎಂದು ಹರಸಿದರು. ನಾನು ಕೊಟ್ಟದ್ದಾದರೂ ಏನು? ಕಾಸನ್ನೂ ಬಿಚ್ಚಲಿಲ್ಲ, ಹತ್ತು ಅಂಕಿ ಹೇಳಿದೆ ಅಷ್ಟೆ. ಮನೆಗೆ ಬರುವಷ್ಟರಲ್ಲಿ ಫೋನಿಗೆ ಒಂದು ಸಂದೇಶ ಬಂದಿತ್ತು: ಈ ಖರೀದಿಗಾಗಿ ನನ್ನ ಖಾತೆಗೆ 3 ಅಂಕಗಳು ಜಮೆಯಾಗಿವೆಯಂತೆ. ಆಕೆಯ ದುಡಿಮೆಯ ಹಣಕ್ಕೆ ನನಗೆ ಬಹುಮಾನ!

ನನ್ನ ಬಳಿ ಗಣಿತ ಕಲಿತವರಿಗೆ ಸೋಡಿಯ ಲೆಕ್ಕಗಳು ನೆನಪಿರಬಹುದು. ಮುದ್ರಿತ ಬೆಲೆ ಇಷ್ಟು, ಸೋಡಿ ಶೇಕಡಾ ಇಷ್ಟು, ಮಾರಿದ ಬೆಲೆ ಎಷ್ಟು? ಅಷ್ಟು ವರ್ಷ ಆ ಲೆಕ್ಕ ಮಾಡಿಸಿದೆನಾದರೂ ಒಂದು ಲೆಕ್ಕದಲ್ಲಿಯೂ "ಕೊಳ್ಳುವವನು ಯಾರು?" ಎಂಬ ಪ್ರಶ್ನೆ ಇರಲಿಲ್ಲ. ಈಗ ಮೊದಲು ಉತ್ತರಿಸಬೇಕಾದದ್ದೇ ಅದು. 307ರ ಮೇಲೆ 44 ಎಂದರೆ ಶೇಕಡಾ ಹದಿನಾಲ್ಕಕ್ಕೂ ಹೆಚ್ಚು. ಫೋನು ಕೈಯಲ್ಲಿಲ್ಲದ ತಪ್ಪಿಗೆ ಇದು ದಂಡವಲ್ಲದೆ ಮತ್ತೇನು?

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಹುಲಿಹೈದರದಂತಹ ನಮ್ಮ ಊರುಗಳ ಕಿರಾಣಿ ಅಂಗಡಿಗಳಲ್ಲಿ ಕೊಸರು ಇತ್ತು, ಮಕ್ಕಳ ಅಂಗೈಗೆ ಬೆಲ್ಲದ ಚೂರು ಬೀಳುತ್ತಿತ್ತು, ಉದ್ರಿಯ ಪುಸ್ತಕವಿತ್ತು. ಆದರೆ ಅಲ್ಲಿಯೂ ಗೌಡರ ಮನೆಯ ತೂಕ ಒಂದಾದರೆ ಕೂಲಿಯವರ ತೂಕ ಇನ್ನೊಂದು. ಉದ್ರಿ ಒಯ್ಯುವವರಿಗೆ ಬೆಲೆ ಒಂದಿಷ್ಟು ಏರುತ್ತಿತ್ತು. ಕೆಲವರನ್ನು ಕಟ್ಟೆಯ ಕೆಳಗೇ ನಿಲ್ಲಿಸಿ, ಹಣವನ್ನು ದೂರದಿಂದಲೇ ಇಡಿಸಿಕೊಳ್ಳುತ್ತಿದ್ದ ಕಾಲವೂ ಇತ್ತು. ಅಂಗಡಿಕಾರ ಮೊದಲು ನೋಡುತ್ತಿದ್ದದ್ದು ಗಿರಾಕಿಯ ಮುಖವನ್ನು, ಆಮೇಲೆ ತಕ್ಕಡಿಯನ್ನು.

ಆ ಕಾರಣಕ್ಕಾಗಿಯೇ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ನಾನು ದೊಡ್ಡ ಗಳಿಕೆಯೆಂದು ಭಾವಿಸುತ್ತೇನೆ. ಪೊಟ್ಟಣದ ಸರಕುಗಳ ಕುರಿತ 1977ರ ನಿಯಮಗಳಿಗೆ 1990ರಲ್ಲಿ ತಿದ್ದುಪಡಿಯಾಗಿ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವುದು ಕಡ್ಡಾಯವಾಯಿತು. ಆ ಅಂಕಿ ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಗೌಡರಿಗೂ ಅದೇ, ಕೂಲಿಯವರಿಗೂ ಅದೇ. ಆದರೆ ಕಾನೂನು ಹಾಕಿದ್ದು ಮೇಲಿನ ಗೆರೆಯನ್ನು ಮಾತ್ರ. ಅದರ ಕೆಳಗೆ ಯಾರಿಗೆ ಎಷ್ಟು ಇಳಿಸಬೇಕೆಂಬುದು ಅಂಗಡಿಯ ಇಚ್ಛೆ. ಆ ಸಂದಿಯಲ್ಲಿ "ನೀನು ಯಾರು?" ಎಂಬ ಹಳೆಯ ಪ್ರಶ್ನೆ ಹೊಸ ಅಂಗಿ ತೊಟ್ಟು ಒಳಗೆ ಬಂದಿದೆ.

ಕಾರ್ಡು ತೋರಿಸಿದರೆ ಬೆಲೆ ಇಳಿಯುವುದು ನಮಗೆ ಹೊಸದಲ್ಲ ಎನ್ನಬಹುದು. ನಿಜ, ಪಡಿತರ ಚೀಟಿ ಇದೆ. 2013ರ ಜುಲೈನಲ್ಲಿ ಅನ್ನಭಾಗ್ಯ ಆರಂಭವಾದಾಗ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಸಿಕ್ಕಿತು. ಆದರೆ ಆ ಚೀಟಿ ಬೆಲೆ ಇಳಿಸುವುದು ಇಲ್ಲದವರಿಗೆ. ಈ ಕಾರ್ಡು ಇಳಿಸುವುದು ಉಳ್ಳವರಿಗೆ: ಫೋನು ಉಳ್ಳವರಿಗೆ, ಓದು ಬಲ್ಲವರಿಗೆ, ಸಣ್ಣ ಅಕ್ಷರ ಕಾಣುವ ಕಣ್ಣಿದ್ದವರಿಗೆ.

ವ್ಯಾಪಾರಿಗಳ ಪಕ್ಷವನ್ನೂ ಹೇಳಬೇಕು. ಬ್ರಿಟನ್ನಿನ ಟೆಸ್ಕೊ ಸಂಸ್ಥೆ 1995ರಲ್ಲಿ ಕ್ಲಬ್‌ಕಾರ್ಡ್ ತಂದಿತು, 2019ರಲ್ಲಿ ಕಾರ್ಡಿನವರಿಗೆ ಬೇರೆಯೇ ಬೆಲೆ ಆರಂಭಿಸಿತು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಹಲವು ಮಳಿಗೆಗಳ ಸುಮಾರು 50,000 ಸರಕುಗಳ ಸದಸ್ಯ ಬೆಲೆಗಳನ್ನು ಪರಿಶೀಲಿಸಿ, 2024ರ ನವೆಂಬರ್‌ನಲ್ಲಿ ವರದಿ ನೀಡಿತು. ಶೇಕಡಾ 92ರಷ್ಟು ಸಂದರ್ಭಗಳಲ್ಲಿ ಮಾಮೂಲು ಬೆಲೆಗಿಂತ ನಿಜವಾಗಿಯೂ ಉಳಿತಾಯವಿತ್ತು. ಎಲ್ಲವೂ ಮೋಸವೆಂದು ನಾನು ಕೂಗಿದರೆ ಅದು ಸುಳ್ಳಾದೀತು. ಆದರೆ ವಯಸ್ಸಾದವರಿಗೂ ಸ್ಮಾರ್ಟ್‌ಫೋನ್ ಇಲ್ಲದವರಿಗೂ ಈ ಬೆಲೆಗಳು ದೊರೆಯುವಂತೆ ಇನ್ನಷ್ಟು ಮಾಡಬೇಕೆಂದು ಆ ವರದಿಯೇ ಹೇಳಿದೆ. ಉಳಿತಾಯ ನಿಜವಾದಷ್ಟೂ ಅದರಿಂದ ಹೊರಗುಳಿದವರ ನಷ್ಟವೂ ನಿಜವೇ ಅಲ್ಲವೆ?

ಇನ್ನೊಂದು ಮಾತು. ಸಂಖ್ಯೆ ಕೊಡುವ ನಾವೂ ಪುಕ್ಕಟೆ ಪಡೆಯುತ್ತಿಲ್ಲ. ಯಾವಾಗ ಏನು ಕೊಳ್ಳುತ್ತೇವೆ, ಮನೆಯಲ್ಲಿ ಕೂಸಿದೆಯೆ, ಸಕ್ಕರೆ ಬಿಟ್ಟೆವೆ ಎಂಬುದೆಲ್ಲ ಅವರ ಖಾತೆ ಸೇರುತ್ತದೆ. ಉದ್ರಿಯ ಪುಸ್ತಕದಲ್ಲಿ ಅಂಗಡಿಯವನು ಬರೆದದ್ದನ್ನು ನಾವು ಕೇಳಿ ಓದಿಸಿಕೊಳ್ಳಬಹುದಿತ್ತು. ಈ ಪುಸ್ತಕ ನಮ್ಮ ಕಣ್ಣಿಗೇ ಬೀಳದು. ಬಿಲ್ಲು ಮಾಡಲು ಮೊಬೈಲ್ ಸಂಖ್ಯೆಗಾಗಿ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚಿಸಿತು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆಯು ಮುಕ್ತವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರಲಿವೆ. ಒಪ್ಪದಿದ್ದರೆ 44 ರೂಪಾಯಿ ತೆರಬೇಕಾದ ಒಪ್ಪಿಗೆ ಎಷ್ಟರಮಟ್ಟಿಗೆ ಮುಕ್ತ? ಬಲ್ಲವರು ಹೇಳಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಎಲ್ಲರಿಗೂ ಅನ್ವಯಿಸುವ ಬೆಲೆ ದಪ್ಪ ಅಕ್ಷರದಲ್ಲಿರಲಿ, ಸದಸ್ಯರ ಬೆಲೆ ಅದರ ಕೆಳಗಿರಲಿ. ಎರಡೂ ಕನ್ನಡದಲ್ಲಿರಲಿ. ಫೋನಿಲ್ಲದವರಿಗೆ ಹೆಸರು, ಸಂಖ್ಯೆ ಕೇಳದೆ ಒಂದು ಕಾಗದದ ಕಾರ್ಡು ಕೊಡಲಿ. ನಿಷ್ಠೆಯೇ ಬೇಕಿದ್ದರೆ ತಿಂಗಳು ತಿಂಗಳು ಅದೇ ಅಂಗಡಿಗೆ ಬಂದು ಅದೇ ಬೇಳೆ ಒಯ್ಯುವ ಆ ತಾಯಿಗಿಂತ ನಿಷ್ಠರು ಯಾರಿದ್ದಾರೆ?

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂತಹ ಕಂಪನಿಗಳಿಗೇ ತಂತ್ರಾಂಶ ಬರೆಯುತ್ತಿದ್ದೀರಿ. ಆ ಚೀಟಿಯ ಅಕ್ಷರದ ಗಾತ್ರವನ್ನು ಯಾರೋ ಒಬ್ಬರು ಕುಳಿತು ನಿರ್ಧರಿಸಿರುತ್ತಾರೆ. ಅದು ನೀವಾಗಿದ್ದರೆ, ಗುಳೆ ಬಂದ ನಮ್ಮೂರ ಕಡೆಯ ಒಬ್ಬ ತಾಯಿ ಅದನ್ನು ಓದಿ ಲೆಕ್ಕ ಹಾಕುತ್ತಾಳೆಂಬುದನ್ನು ನೆನಪಿಡಿ. ಉಳಿದವರು ಸಾಲಿನಲ್ಲಿ ನಿಂತಾಗ ಮುಂದಿನವರ ಬುಟ್ಟಿಯ ಕಡೆಗೊಮ್ಮೆ ಕಣ್ಣು ಹಾಯಿಸಿ. ನನ್ನ ಖಾತೆಯಲ್ಲಿ ಆ 3 ಅಂಕಗಳು ಇನ್ನೂ ಹಾಗೆಯೇ ಇವೆ. ಬಳಸಲು ಮನಸ್ಸು ಬಂದಿಲ್ಲ, ಹಿಂದಿರುಗಿಸಲು ದಾರಿ ತಿಳಿದಿಲ್ಲ.