ನಿಷ್ಠೆಯೆಂದರೆ ಮೌನವಲ್ಲ

ಸಂಬಳಕ್ಕೆ ದುಡಿಯುವವನು ದನಿಯೆತ್ತಿದರೆ ಅದನ್ನು ಹಕ್ಕು ಎನ್ನುತ್ತೇವೆ. ಪ್ರೀತಿಯಿಂದ ದುಡಿಯುವವನು ದನಿಯೆತ್ತಿದರೆ ದ್ರೋಹ ಎನ್ನುತ್ತೇವೆ. ಈ ತರ್ಕ ಎಷ್ಟು ಟೊಳ್ಳು ಎಂಬುದನ್ನು ಅರಿಯಲು ಐರ್ಲೆಂಡಿನ ಹರ್ಲಿಂಗ್ ಗೋಲ್‌ಕೀಪರ್ ಡೋನಲ್ ಓಗ್ ಕ್ಯೂಸಾಕ್ ಅವರ ದೀರ್ಘ ಆಟದ ಬದುಕನ್ನು ನೋಡಬೇಕು.

ಹರ್ಲಿಂಗ್ ತಂಡದಲ್ಲಿ ಹದಿನೈದು ಮಂದಿ. ಕೈಯಲ್ಲಿ ಆಶ್ ಮರದ ಚಪ್ಪಟೆ ಕೋಲು, ಆಡಲು ಚರ್ಮ ಹೊದಿಸಿದ ಪುಟ್ಟ ಚೆಂಡು. ಚೆಂಡು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ, ಕೆಳಗಿನಿಂದ ಬಲೆ ಸೇರಿದರೆ ಮೂರು. ಆ ಮೂರನ್ನು ತಡೆಯಲು ಆರೂವರೆ ಮೀಟರ್ ಅಗಲದ ಗೋಲಿನ ಮುಂದೆ ನಿಲ್ಲುವವನೇ ತಂಡದ ಎಲ್ಲರ ತಪ್ಪುಗಳಿಗೂ ಕೊನೆಯ ಜಾಮೀನು. 1884ರಲ್ಲಿ ಸ್ಥಾಪನೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿನ ನಿಯಮದಂತೆ ಇವರಾರಿಗೂ ಸಂಬಳವಿಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಎಂಬತ್ತು ಸಾವಿರ ಜನರೆದುರು ಆಡಿದವರು ಮತ್ತೆ ತಮ್ಮ ತಮ್ಮ ಉದ್ಯೋಗಗಳಿಗೆ ಮರಳುತ್ತಾರೆ. ಇದು ಉದಾತ್ತ ಆದರ್ಶವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆಟಗಾರನ ಬಾಯಿಗೆ ಬೀಗ ಹಾಕಲು ಈ ಆದರ್ಶವನ್ನೇ ಬಳಸಿದಾಗ ಅದರ ಉದಾತ್ತತೆ ಎಲ್ಲಿ ಉಳಿಯಿತು?

ಹರ್ಲಿಂಗ್‌ನ ದಂತಕಥೆ ಕ್ರಿಸ್ಟಿ ರಿಂಗ್ ಹುಟ್ಟಿದ ಕ್ಲಾಯ್ನ್ ಊರಿನವರೇ ಆದ ಕ್ಯೂಸಾಕ್ 1999ರಲ್ಲಿ ಕಾರ್ಕ್ ಕೌಂಟಿಯ ಗೋಲಿಗೆ ನಿಂತರು. ಆ ವರ್ಷದ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಕಾರ್ಕ್ 13 ಅಂಕ, ಕಿಲ್ಕೆನ್ನಿ 12. ಬಲೆಗೆ ಒಂದು ಗೋಲೂ ಬೀಳಲಿಲ್ಲ. ಒಂದೇ ಒಂದು ಬಿದ್ದಿದ್ದರೂ ಕಪ್ ಕಿಲ್ಕೆನ್ನಿಯ ಪಾಲಾಗುತ್ತಿತ್ತು.

2002ರ ಕೊನೆಯಲ್ಲಿ ಕಾರ್ಕಿನ ಆಟಗಾರರು ಮುಷ್ಕರ ಹೂಡಿದರು. ಅವರು ಸಂಬಳ ಕೇಳಲಿಲ್ಲ. ವೈದ್ಯರು, ಪ್ರಯಾಣ, ವ್ಯಾಯಾಮದ ಸೌಕರ್ಯ, ಇಂಥ ಕನಿಷ್ಠ ಗೌರವವನ್ನು ಕೇಳಿದರು. ಮುಂಚೂಣಿಯಲ್ಲಿ ಕ್ಯೂಸಾಕ್ ಇದ್ದರು. ಹಣದ ಹಪಾಹಪಿ, ಅಹಂಕಾರ, ಪರಂಪರೆಗೆ ಬಗೆದ ದ್ರೋಹ, ಹೀಗೆ ಆರೋಪಗಳು ಬಂದವು. ಉತ್ತರ ಮೈದಾನದಲ್ಲಿ ಸಿಕ್ಕಿತು: 2003ರಿಂದ 2006ರವರೆಗೆ ಸತತ ನಾಲ್ಕು ಫೈನಲ್‌ಗಳು, 2004 ಮತ್ತು 2005ರಲ್ಲಿ ಗೆಲುವು. 2004ರ ಫೈನಲ್‌ನಲ್ಲಿ ಕಿಲ್ಕೆನ್ನಿಗೆ ದಕ್ಕಿದ್ದು ಬರೀ ಒಂಬತ್ತು ಅಂಕ. ಕ್ಯೂಸಾಕ್ ಕಾದ ಗೋಲಿಗೆ ಚೆಂಡು ಸೇರಲೇ ಇಲ್ಲ. ದ್ರೋಹಿಗಳು ಹೀಗೆ ಆಡುವುದುಂಟೆ?

ಆಟದೊಳಗೂ ಅವರು ಪ್ರಶ್ನೆ ಕೇಳಿದವರೇ. ಎದುರಾಳಿ ಅಂಕ ಗಳಿಸಿದಾಗ ಇಲ್ಲವೇ ಚೆಂಡನ್ನು ಹೊರಗೆ ಹೊಡೆದಾಗ ಗೋಲ್‌ಕೀಪರ್ ಹೊಡೆತದೊಡನೆ ಆಟ ಮತ್ತೆ ಆರಂಭವಾಗುತ್ತದೆ. ಆದಷ್ಟು ದೂರ ಬಾರಿಸಿ ಉಳಿದದ್ದನ್ನು ಅದೃಷ್ಟಕ್ಕೆ ಬಿಡುವುದು ರೂಢಿ. ಕ್ಯೂಸಾಕ್ ತೆರವಾಗಿ ನಿಂತ ಜೊತೆಗಾರನನ್ನು ಹುಡುಕಿ, ಹತ್ತಿರಕ್ಕೇ ಚೆಂಡು ಕಳುಹಿಸತೊಡಗಿದರು. ಲೆಕ್ಕ ತಪ್ಪಿದಾಗಲೆಲ್ಲ ಸಂಪ್ರದಾಯವಾದಿಗಳು ಹರಿಹಾಯ್ದರು. ಇಂದು ದೊಡ್ಡ ತಂಡಗಳೆಲ್ಲ ಆಡುವುದು ಅದೇ ಬಗೆಯಲ್ಲಿ. ಅಂದು ಬೈದವರು ಕ್ಷಮೆ ಕೇಳಿದ ಸುದ್ದಿ ಮಾತ್ರ ಬಂದಿಲ್ಲ.

ನಂತರದ ಎರಡು ಮುಷ್ಕರಗಳು ಇನ್ನೂ ಕಹಿ. ಮೊದಲನೆಯದು, ತನ್ನ ಆಯ್ಕೆಗಾರರನ್ನು ತಾನೇ ಆರಿಸಿಕೊಳ್ಳುವ ಅಧಿಕಾರ ಮ್ಯಾನೇಜರನ ಕೈತಪ್ಪಿದಾಗ. ಎರಡನೆಯದು, ಆಟಗಾರರ ವಿರೋಧವಿದ್ದರೂ ಹಳೆಯ ಮ್ಯಾನೇಜರನ್ನೇ ಮುಂದುವರಿಸಿದಾಗ. ಆ ಮ್ಯಾನೇಜರರೂ ಕಾರ್ಕಿಗಾಗಿ ಆಡಿ ಪದಕ ತಂದ ಹಿರಿಯರು. 2009ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟಾಗ ಅವರು ಪಟ್ಟ ನೋವು ನಿಜ. ಆಟಗಾರರೇ ಮ್ಯಾನೇಜರನ್ನು ಇಳಿಸುವಂತಾದರೆ ಶಿಸ್ತಿನ ಗತಿಯೇನು ಎಂಬ ಪ್ರಶ್ನೆಯೂ ತಳ್ಳಿಹಾಕುವಂಥದ್ದಲ್ಲ. ಆದರೆ ಆ ಹಿರಿಯರನ್ನು ಮುಂದೆ ನಿಲ್ಲಿಸಿ ಮರೆಯಲ್ಲಿ ಕುಳಿತದ್ದು ಆಡಳಿತ ಮಂಡಳಿ. ಮುಷ್ಕರಕ್ಕೆ ಬೇರೆ ದಾರಿಯಿತ್ತು ಎನ್ನುವವರು, ಆ ದಾರಿಯನ್ನು ಮುಚ್ಚಿದವರಾರು ಎಂದೂ ಹೇಳಬೇಕು.

ಅದೇ 2009ರಲ್ಲಿ, ಇನ್ನೂ ಆಡುತ್ತಿರುವಾಗಲೇ, ತಾವು ಸಲಿಂಗಿಯೆಂದು ಕ್ಯೂಸಾಕ್ ತಮ್ಮ ಆತ್ಮಕಥೆಯಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಸಲಿಂಗಕಾಮ ಐರ್ಲೆಂಡಿನಲ್ಲಿ 1993ರವರೆಗೂ ಅಪರಾಧವಾಗಿತ್ತು. ಊರಿನ ಮಾನವನ್ನೇ ಹೆಗಲ ಮೇಲೆ ಹೊತ್ತ ಆಟಗಾರನೊಬ್ಬ ಹೀಗೆ ಹೇಳಿ, ಮರುವರ್ಷ ಮತ್ತೆ ಅದೇ ಗೋಲಿನಲ್ಲಿ, ಪ್ರೇಕ್ಷಕರಿಗೆ ಬೆನ್ನು ಕೊಟ್ಟು ನಿಲ್ಲಲು ಎಂಥ ಎದೆಗಾರಿಕೆ ಬೇಕು!

2012ರಲ್ಲಿ ಹಿಮ್ಮಡಿಯ ನರ ಹರಿಯಿತು. 2013ರ ತಂಡದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಆ ಹದಿನಾಲ್ಕು ವರ್ಷಗಳನ್ನು ‘ದೊಡ್ಡ ಆಟಗಾರ, ಆದರೆ ಜಗಳಗಂಟ’ ಎಂಬ ಒಂದು ಸಾಲಿನಲ್ಲಿ ಮುಗಿಸುವವರು ಇಂದಿಗೂ ಇದ್ದಾರೆ. ಆ ‘ಆದರೆ’ಗೆ ನನ್ನ ತಕರಾರು. ಮನೆ ಸೋರುತ್ತಿದೆಯೆಂದು ಹೇಳುವವನು ಮನೆಯ ಶತ್ರುವಲ್ಲ; ಆ ಮನೆಯಲ್ಲೇ ಬಾಳಬೇಕೆಂದಿರುವವನು. ಕಾರ್ಕ್ ಬೇಡವಾಗಿದ್ದರೆ ಕ್ಯೂಸಾಕ್ ಸುಮ್ಮನೆ ಹೊರಟುಹೋಗಬಹುದಿತ್ತು, ಬಿಟ್ಟುಹೋಗಲು ಸಂಬಳವೂ ಇರಲಿಲ್ಲ. ಅವರು ಹೋಗಲಿಲ್ಲ. ಪ್ರತಿ ಮುಷ್ಕರ ಮುಗಿದ ಮೇಲೂ ಕೋಲು ಹಿಡಿದು ಅದೇ ಗೋಲಿಗೆ ಮರಳಿದರು. ನಿಷ್ಠೆಗೆ ಇದಕ್ಕಿಂತ ಬೇರೆ ಪುರಾವೆ ಕೇಳುವವರಿಗೆ ಬೇಕಾಗಿರುವುದು ನಿಷ್ಠೆಯಲ್ಲ, ವಿಧೇಯತೆ.